ಪಿಯಾನೋ ವಾಯ್ಸಿಂಗ್: ಶ್ರುತಿ ಸರಿಯಿದ್ದರೂ ದನಿ ಯಾಕೆ ಕರ್ಕಶವಾಗುತ್ತದೆ?

ಟ್ಯೂನಿಂಗ್ ಆಗಿ ವಾರವೂ ಕಳೆದಿಲ್ಲ. ಶ್ರುತಿ ಪಕ್ಕಾ ಇದೆ. ಆದರೂ ನುಡಿಸಲು ಕೂತರೆ ದನಿ ಕಿವಿಗೆ ಚುಚ್ಚುತ್ತದೆ. ಮನೆಯಲ್ಲಿ ಹಳೇ ಪಿಯಾನೋ ಇರುವವರು ಎಷ್ಟೋ ಸಲ ಹೀಗೆ ದೂರುತ್ತಾರೆ. ಮತ್ತೆ ಟ್ಯೂನರ್‌ಗೆ ಫೋನ್ ಮಾಡಿ ಇನ್ನೊಂದು ಸಲ ಟ್ಯೂನ್ ಮಾಡಿಕೊಡಿ ಅನ್ನುತ್ತಾರೆ. ಅವರು ಕೇಳಬೇಕಾದದ್ದು ವಾಯ್ಸಿಂಗ್.

ಟ್ಯೂನಿಂಗ್ ಅಂದರೆ ತಂತಿಯ ಬಿಗಿ ಹೊಂದಿಸಿ ಸ್ವರವನ್ನು ಅದರ ಜಾಗಕ್ಕೆ ತರುವುದು. ವಾಯ್ಸಿಂಗ್‌ನಲ್ಲಿ ಆ ಬಿಗಿಯನ್ನು ಮುಟ್ಟುವುದೇ ಇಲ್ಲ. ಸ್ವರ ಅದೇ ಇರುತ್ತದೆ, ಅದರ ಗುಣ ಬದಲಾಗುತ್ತದೆ. ತಂಬೂರಿ ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಬಿರಡೆ ತಿರುಗಿಸಿ ಶ್ರುತಿ ಸೇರಿಸಿದ ಮೇಲೂ, ಕುದುರೆಯ ಮೇಲೆ ತಂತಿಯ ಅಡಿಯಲ್ಲಿರುವ ನೂಲಿನೆಳೆಯನ್ನು ಅತ್ತಿತ್ತ ಸರಿಸಿ ನೋಡುತ್ತಾರಲ್ಲ, ಸರಿಯಾದ ಜಾಗಕ್ಕೆ ಬಂದಾಗ ಝೇಂಕಾರ ತುಂಬಿ ಬರುತ್ತದೆ. ಪಿಯಾನೋದಲ್ಲಿ ಈ ಕೆಲಸ ನಡೆಯುವುದು ಹ್ಯಾಮರ್‌ನ ಫೆಲ್ಟ್ ಮೇಲೆ.

ಕೀ ಒತ್ತಿದಾಗ ಒಳಗೆ ಒಂದು ಪುಟ್ಟ ಹ್ಯಾಮರ್ ತಂತಿಗೆ ಬಡಿದು ತಕ್ಷಣ ಹಿಂದೆ ಬರುತ್ತದೆ. 88 ಕೀಗಳಿಗೆ 88 ಹ್ಯಾಮರ್. ಒಳಗೆ ಮರ, ಅದರ ಸುತ್ತ ಒತ್ತಿ ಬಿಗಿದ ಕುರಿ ಉಣ್ಣೆಯ ಫೆಲ್ಟ್. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ವಾದ್ಯ ತಯಾರಕ ಕ್ರಿಸ್ತೊಫೊರಿ ಮೊದಲ ಪಿಯಾನೋ ಕಟ್ಟಿದಾಗ ಹ್ಯಾಮರ್‌ಗೆ ತೊಗಲು ಹೊದಿಸಿದ್ದ. ಫೆಲ್ಟ್‌ಗೆ ಪ್ಯಾರಿಸ್‌ನ ಪಿಯಾನೋ ತಯಾರಕ ಪೇಪ್ ಪೇಟೆಂಟ್ ಪಡೆದದ್ದು 1826ರಲ್ಲಿ. ಫೆಲ್ಟ್ ಮೆತ್ತಗಿದ್ದರೆ ಹ್ಯಾಮರ್ ತಂತಿಗೆ ತಾಗಿಕೊಂಡಿರುವ ಹೊತ್ತು ಚೂರು ಜಾಸ್ತಿ. ಅಷ್ಟರಲ್ಲೇ ಮೇಲಿನ ಉಪಸ್ವರಗಳು (ಮೂಲ ಸ್ವರದ ಜೊತೆಗೇ ಹೊಮ್ಮುವ ಎತ್ತರದ ಸ್ವರಗಳು) ಅಡಗಿ ದನಿ ದುಂಡಗೆ ಬರುತ್ತದೆ. ಫೆಲ್ಟ್ ಗಟ್ಟಿಯಾಗಿದ್ದರೆ ಹ್ಯಾಮರ್ ತಟ್ಟನೆ ಚಿಮ್ಮಿ ವಾಪಸ್ ಬರುತ್ತದೆ. ಆಗ ಉಪಸ್ವರಗಳೆಲ್ಲ ಉಳಿದುಕೊಂಡು ದನಿ ಹರಿತವಾಗುತ್ತದೆ.

ಅಪ್‌ರೈಟ್ ಪಿಯಾನೋ ಇದ್ದರೆ ಮೇಲಿನ ಮುಚ್ಚಳ ಎತ್ತಿ ಟಾರ್ಚ್ ಹಾಕಿ ನೋಡಿ. ನಡುವಿನ ಹ್ಯಾಮರ್‌ಗಳ ಮೂತಿಯಲ್ಲಿ ಮೂರು ಗೀರು ಕಾಣುತ್ತವೆ. ಅಲ್ಲಿ ಒಂದು ಸ್ವರಕ್ಕೆ ಮೂರು ತಂತಿ, ಒಂದೊಂದು ತಂತಿಗೆ ಒಂದೊಂದು ಗೀರು. ಮಂದ್ರದ ಕಡೆ ಹೋದರೆ, ತಾಮ್ರ ಸುತ್ತಿದ ತಂತಿಗಳ ಜಾಗದಲ್ಲಿ, ಎರಡು ಗೀರು, ಕೊನೆಗೆ ಒಂದೇ. ಗೀರಿನ ತಳದಲ್ಲಿ ಫೆಲ್ಟ್ ಅದುಮಿ ಅದುಮಿ ಗಟ್ಟಿಯಾಗಿರುತ್ತದೆ. ದುಂಡಗಿರಬೇಕಾದ ಮೂತಿ ಚಪ್ಪಟೆಯಾಗಿರುತ್ತದೆ. ಮಕ್ಕಳು ಅಭ್ಯಾಸ ಮಾಡುವುದು ನಡುವಿನ ಎರಡು ಮೂರು ಸಪ್ತಕದಲ್ಲೇ ಅಲ್ವಾ, ಸವೆತವೂ ಅಲ್ಲೇ ಜಾಸ್ತಿ. ಹಾಗಾಗಿ ನಡುವಿನ ಸ್ವರಗಳು ಕಿರುಚುತ್ತವೆ, ಎರಡೂ ತುದಿ ಹಳೇ ದನಿಯಲ್ಲೇ ಉಳಿದಿರುತ್ತವೆ. ಇದು ಎಷ್ಟು ನಿಧಾನವಾಗಿ ಆಗುತ್ತದೆ ಅಂದರೆ ದಿನಾ ನುಡಿಸುವವರಿಗೆ ಗೊತ್ತೇ ಆಗುವುದಿಲ್ಲ.

ಕೆಲಸ ಬಲ್ಲ ಟೆಕ್ನಿಷಿಯನ್ ಬಂದ ಕೂಡಲೇ ಸೂಜಿ ಹಿಡಿಯುವುದಿಲ್ಲ. ಮೊದಲು ಟ್ಯೂನಿಂಗ್, ಆಮೇಲೆ ಕೀ ಮತ್ತು ಹ್ಯಾಮರ್‌ನ ಚಲನೆ ಸರಿಮಾಡುವ ರೆಗ್ಯುಲೇಷನ್. ಎಷ್ಟೋ ಸಲ ದನಿ ಕೆಟ್ಟಿದೆ ಅನಿಸುವುದು ಈ ಎರಡರ ತಪ್ಪಿನಿಂದಲೇ. ಅದಾದ ಮೇಲೆ ಸಣ್ಣ ಉಪ್ಪುಕಾಗದದ ಪಟ್ಟಿಯಿಂದ ಫೆಲ್ಟ್‌ನ ಮೇಲ್ಪದರ ಉಜ್ಜಿ ಗೀರು ತೆಗೆದು ಮೂತಿಗೆ ಮೊದಲಿನ ಆಕಾರ ಕೊಡುತ್ತಾರೆ. ಹ್ಯಾಮರ್ ಮೂರೂ ತಂತಿಗೆ ಒಟ್ಟಿಗೇ ತಾಗುತ್ತಿದೆಯಾ ಅಂತ ನೋಡುತ್ತಾರೆ. ಒಂದು ತಂತಿಗೆ ಮೊದಲು ತಾಗಿದರೂ ದನಿ ಒಡೆಯುತ್ತದೆ. ಇಷ್ಟಾದ ಮೇಲೂ ಗಡುಸು ಉಳಿದರೆ ಆಗ ಸೂಜಿ. ಒಂದು ಹಿಡಿಗೆ ಮೂರೋ ನಾಲ್ಕೋ ಸೂಜಿ ಸಿಕ್ಕಿಸಿದ ಉಪಕರಣ ಅದು. ತಂತಿ ಬಡಿಯುವ ತುದಿಗೆ ಆಳವಾಗಿ ಚುಚ್ಚುವುದಿಲ್ಲ, ಅದರ ಎರಡು ಪಕ್ಕದ ಹೆಗಲಿಗೆ ಚುಚ್ಚಿ ಒಳಗಿನ ಬಿಗಿ ಸಡಿಲಿಸುತ್ತಾರೆ. ಕೆಲವು ಸಲ ಚುಚ್ಚಿ, ನುಡಿಸಿ, ಪಕ್ಕದ ಸ್ವರದ ಜೊತೆ ಹೋಲಿಸಿ, ಮತ್ತೆ ಚುಚ್ಚುತ್ತಾರೆ. ದನಿ ಮಂಕಾಗಿದ್ದರೆ ಕೆಲಸ ಉಲ್ಟಾ: ತೆಳುವಾದ ಲ್ಯಾಕರ್ (ವಾರ್ನಿಶ್‌ನಂಥ ದ್ರವ) ಕುಡಿಸಿ ಫೆಲ್ಟನ್ನು ಗಟ್ಟಿ ಮಾಡುತ್ತಾರೆ.

ಯಾವ ದನಿ ಒಳ್ಳೆಯದು ಅನ್ನುವುದು ನುಡಿಸುವವರ ರುಚಿಗೆ ಬಿಟ್ಟದ್ದು. ಆ ರುಚಿಗೆ ಮೈಸೂರಿನಲ್ಲಿ ಬೆಲೆ ಇತ್ತು. ಜಯಚಾಮರಾಜ ಒಡೆಯರ್ ತಾವೇ ಪಿಯಾನೋ ಕಲಿತವರು. ರಷ್ಯಾದ ಸಂಗೀತ ರಚನೆಕಾರ ಮೆಡ್ಟ್ನರ್ ತನ್ನ ರಚನೆಗಳನ್ನು ತಾನೇ ನುಡಿಸಿ ರೆಕಾರ್ಡ್ ಮಾಡಲು ಹಣ ಕೊಟ್ಟವರೂ ಅವರೇ. ನಿಮಗೆ ಬೇಕಾದ ದನಿ ಯಾವುದು ಅಂತ ಟೆಕ್ನಿಷಿಯನ್‌ಗೆ ಹೇಳಲು ಸಂಕೋಚ ಬೇಡ. ಆದರೆ ವಿಡಿಯೋ ನೋಡಿಕೊಂಡು ಹೊಲಿಗೆ ಸೂಜಿ ಹಿಡಿದು ನೀವೇ ಕೂರಬೇಡಿ, ದಯವಿಟ್ಟು. ಜಾಸ್ತಿ ಚುಚ್ಚಿದ ಫೆಲ್ಟ್ ಮೊದಲಿನಂತೆ ಆಗುವುದಿಲ್ಲ. ಮೇಲಿನ ಸಪ್ತಕದ ಹ್ಯಾಮರ್‌ಗಳಲ್ಲಂತೂ ಫೆಲ್ಟ್ ಬಹಳ ತೆಳು.

ಖರ್ಚಿಲ್ಲದೆ ಮಾಡಬಹುದಾದದ್ದೂ ಇದೆ. ವಿಟ್ರಿಫೈಡ್ ಟೈಲ್ಸ್ ನೆಲ, ಖಾಲಿ ಗೋಡೆ, ದೊಡ್ಡ ಗಾಜಿನ ಕಿಟಕಿ ಇರುವ ಕೋಣೆಯಲ್ಲಿ ಯಾವ ಪಿಯಾನೋ ಆದರೂ ಹರಿತವಾಗೇ ಕೇಳುತ್ತದೆ. ಪಿಯಾನೋ ಅಡಿಗೆ ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ ಎರಡು ದಿನ ನುಡಿಸಿ ನೋಡಿ. ಅಷ್ಟಕ್ಕೇ ಸಮಾಧಾನ ಆಗಬಹುದು.

ಹವೆಯನ್ನೂ ಗಮನದಲ್ಲಿಡಿ. ನಮ್ಮಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ಗಾಳಿ ಒಣಗಿರುತ್ತದೆ, ಮಳೆಗಾಲದಲ್ಲಿ ತೇವ. ತೇವ ಹೀರಿದ ಫೆಲ್ಟ್ ಉಬ್ಬಿ ದನಿ ಮಂಕಾಗುತ್ತದೆ. ಜುಲೈ ಮಳೆಯಲ್ಲಿ ಮಂಕು ಅಂತ ಲ್ಯಾಕರ್ ಹಾಕಿಸಿದರೆ ಶಿವರಾತ್ರಿ ಹೊತ್ತಿಗೆ ಅದೇ ಪಿಯಾನೋ ಕಿರುಚಲು ಶುರು ಮಾಡಬಹುದು. ಮಳೆ ನಿಂತು ಹವೆ ಒಂದು ಹದಕ್ಕೆ ಬಂದ ಮೇಲೆ ವಾಯ್ಸಿಂಗ್ ಮಾಡಿಸುವುದೇ ವಾಸಿ ಅಂತ ನನ್ನ ಅನಿಸಿಕೆ. ಫೆಲ್ಟ್ ಉಣ್ಣೆಯಾದ್ದರಿಂದ ನುಸಿ ತಿನ್ನುತ್ತದೆ. ಮುಚ್ಚಳ ತೆಗೆದಾಗ ಅದನ್ನೂ ನೋಡಿಬಿಡಿ.

ಟ್ಯೂನರ್ ಬೆಂಗಳೂರಿನಿಂದ ಬರುವವರಾದರೆ ಮೊದಲೇ ಹೇಳಿ, ವಾಯ್ಸಿಂಗ್‌ಗೆ ಸಮಯ ಬೇಕು. ಅವರು ಬರುವ ಮುಂಚೆ ಒಂದು ಸಂಜೆ ಫ್ಯಾನ್ ಆಫ್ ಮಾಡಿ, ಎಲ್ಲ ಕೀಗಳನ್ನೂ ಒಂದಾದ ಮೇಲೊಂದು ಮೆಲ್ಲಗೆ ಒಂದೇ ಬಲದಲ್ಲಿ ನುಡಿಸಿ. ನಂತರ ಜೋರಾಗಿ ಇನ್ನೊಂದು ಸಲ. ಸಾಲಿನಿಂದ ಹೊರಗೆ ನಿಲ್ಲುವ ಸ್ವರಗಳನ್ನು ಚೀಟಿಯಲ್ಲಿ ಬರೆದಿಡಿ, ಮೆಲ್ಲಗೆ ನುಡಿಸಿದಾಗ ಕಿರುಚುವುದು ಯಾವುದು, ಜೋರಾಗಿ ನುಡಿಸಿದಾಗ ಮಾತ್ರ ಕಿರುಚುವುದು ಯಾವುದು ಅಂತ ಬೇರೆ ಬೇರೆಯಾಗಿ. ಎಲ್ಲಿ, ಎಷ್ಟು ಆಳಕ್ಕೆ ಚುಚ್ಚಬೇಕು ಅನ್ನುವುದು ಅದರ ಮೇಲೇ ಇರುತ್ತದೆ.