ಬಾಕ್ಸರ್‌ನ ಮೂರು ಬಂಕರ್: ನನಗೆ ತಡವಾಗಿ ಹೊಳೆದ ಲೆಕ್ಕ

ಸ್ಟಾರ್‌ಕ್ರಾಫ್ಟ್ ಅನ್ನುವ ಕಂಪ್ಯೂಟರ್ ಯುದ್ಧದಾಟದ ಹಳೇ ಪಂದ್ಯಗಳನ್ನು ನೋಡಿ ಕಲಿಯುತ್ತಿರುವವರಿಗೆ ಈ ಟಿಪ್ಪಣಿ. ಮಿನರಲ್ ಅಂದರೆ ಆಟದೊಳಗಿನ ದುಡ್ಡು. ಟೆರನ್, ಜರ್ಗ್ ಅಂದರೆ ಆಟಗಾರರು ಆರಿಸಿಕೊಳ್ಳುವ ಪಡೆಗಳು. ಮೆರೀನ್ ಟೆರನ್ ಸೈನಿಕ, ಜರ್ಗ್ಲಿಂಗ್ ಜರ್ಗ್ ಸೈನಿಕ, ಡ್ರೋನ್ ಜರ್ಗ್‌ನ ಕೆಲಸದಾಳು. 'ಬಾಕ್ಸರ್' ಅಂತ ಹೆಸರಾದ ಕೊರಿಯಾದ ಆಟಗಾರ ಲಿಮ್ ಯೊ-ಹ್ವಾನ್‌ನ ಇಡೀ ಆಟದ ಬದುಕನ್ನು ಬರೆಯೋಣ ಅಂತ ಕೂತೆ. ಒಂದು ಸೆಮಿಫೈನಲ್‌ನಲ್ಲೇ ಸಿಕ್ಕಿಹಾಕಿಕೊಂಡೆ.

ಮೊದಲು ಹೆಸರಿನ ಗೊಂದಲ. 2001ರಲ್ಲಿ ಅವನು ಹನ್‌ಬಿಟ್‌ಸಾಫ್ಟ್ ಓಎಸ್‌ಎಲ್ (ಆನ್‌ಗೇಮ್‌ನೆಟ್ ಸ್ಟಾರ್‌ಲೀಗ್) ಗೆದ್ದ, ಕೋಕಾ-ಕೋಲಾ ಓಎಸ್‌ಎಲ್ ಗೆದ್ದ, ಸ್ಕೈ ಓಎಸ್‌ಎಲ್ ಫೈನಲ್‌ನಲ್ಲಿ ಕಿಮ್ ಡಾಂಗ್-ಸೂಗೆ 2-3ರಲ್ಲಿ ಸೋತ. ನಾನು ಇವನ್ನು ಮೂರು ಬೇರೆ ಟೂರ್ನಿ ಅಂತ ಬರೆದುಕೊಂಡಿದ್ದೆ. ಅಲ್ಲ! ಮೂರೂ ಆನ್‌ಗೇಮ್‌ನೆಟ್ ಚಾನೆಲ್‌ನ ಅದೇ ಲೀಗ್. ದುಡ್ಡು ಹಾಕುವವರು ಬದಲಾದ ಹಾಗೆ ಮುಂದಿನ ಹೆಸರು ಬದಲಾಗುತ್ತಿತ್ತು. ಡಿಎಲ್‌ಎಫ್ ಐಪಿಎಲ್, ಪೆಪ್ಸಿ ಐಪಿಎಲ್, ವಿವೋ ಐಪಿಎಲ್ ಇದ್ದವಲ್ಲ, ಹಾಗೆ.

ಅದೇ ವರ್ಷ ಮತ್ತು 2002ರಲ್ಲಿ ವರ್ಲ್ಡ್ ಸೈಬರ್ ಗೇಮ್ಸ್ ಚಿನ್ನ. ಟೆರನ್ ಅಂದರೆ ಮೂಗು ಮುರಿಯುತ್ತಿದ್ದ ಕಾಲದಲ್ಲಿ ಡ್ರಾಪ್‌ಶಿಪ್‌ನಲ್ಲಿ ನಾಲ್ಕು ಮೆರೀನ್ ತುಂಬಿಕೊಂಡು ಹೋಗಿ ಎದುರಾಳಿಯ ನಿದ್ದೆ ಕೆಡಿಸುತ್ತಿದ್ದ. 'ಟೆರನ್ ಚಕ್ರವರ್ತಿ' ಅನ್ನುವ ಹೆಸರು ಬಂತು. 2004ರಲ್ಲಿ ಅವನ ತಂಡ ಎಸ್‌ಕೆ ಟೆಲಿಕಾಂ ಟಿ1 ಆಯಿತು.

ಈಗ ನನ್ನನ್ನು ಕಾಡಿದ ವಿಷಯ. 2004ರ ನವೆಂಬರ್ 12, ಎವರ್ ಓಎಸ್‌ಎಲ್ ಸೆಮಿಫೈನಲ್. ಎದುರಿಗೆ ಹಳೇ ಎದುರಾಳಿ, ಜರ್ಗ್ ಆಡುವ ಹಾಂಗ್ ಜಿನ್-ಹೋ. ಇವರಿಬ್ಬರ ಪಂದ್ಯಕ್ಕೆ ಕೊರಿಯಾದವರು 'ಇಮ್‌ಜಿನ್‌ರೋಕ್' ಅಂತಾರೆ. 1592ರ ಇಮ್‌ಜಿನ್ ಯುದ್ಧದ ಕಥೆಗಳಿಗೂ ಅದೇ ಹೆಸರು. ಲಿಮ್ ಅನ್ನುವುದನ್ನು ಅಲ್ಲಿ ಇಮ್ ಅಂತಲೇ ಉಚ್ಚರಿಸುವುದು, ಅದಕ್ಕೆ ಜಿನ್ ಸೇರಿಸಿದರು. ಐದು ಆಟದ ಸರಣಿಯಲ್ಲಿ ಬಾಕ್ಸರ್ ಮೂರೂ ಆಟದಲ್ಲಿ ಬಂಕರ್ ರಷ್ ಮಾಡಿ, ಅಂದರೆ ಶುರುವಿನಲ್ಲೇ ಎದುರಾಳಿಯ ಮನೆ ಬಾಗಿಲಲ್ಲಿ ಬಂಕರ್ ಕಟ್ಟಿ ಒಳಗೆ ಮೆರೀನ್ ಕೂರಿಸಿ, 3-0 ಗೆದ್ದ. ನೋಡುತ್ತಾ ತಿನ್ನೋಣ ಅಂತ ಫ್ರೈಡ್ ಚಿಕನ್ ಆರ್ಡರ್ ಮಾಡಿದವರಿಗೆ ಚಿಕನ್ ಬರುವಷ್ಟರಲ್ಲಿ ಪಂದ್ಯವೇ ಮುಗಿದಿತ್ತು ಅಂತ ಅಲ್ಲಿ ಇಂದಿಗೂ ತಮಾಷೆ.

ನನ್ನ ಪ್ರಶ್ನೆ ಇಷ್ಟೇ. ಬಂಕರ್ ಒಡೆದುಹೋದರೆ ಟೆರನ್ ಕಥೆ ಮುಗೀತು, ಅಲ್ವಾ? ಮತ್ತೆ ಇದು ಸುಮ್ನೆ ಜೂಜಲ್ಲದೆ ಇನ್ನೇನು? ಪೆನ್ನು ಹಿಡಿದು ಕೂತೆ.

ಟೆರನ್ ಕಡೆ: ಬ್ಯಾರಕ್ಸ್ (ಮೆರೀನ್ ಹುಟ್ಟುವ ಕಟ್ಟಡ) 150 ಮಿನರಲ್, ಬಂಕರ್ 100, ಎರಡು ಮೆರೀನ್ 100. ಒಟ್ಟು 350.
ಜರ್ಗ್ ಕಡೆ: ಎರಡನೇ ಹ್ಯಾಚರಿ (ಜರ್ಗ್‌ನ ಮುಖ್ಯ ಕಟ್ಟಡ, ಲಾರ್ವಾ ಹುಟ್ಟುವುದು ಇಲ್ಲೇ) 300. ಕಟ್ಟಲು ಹೋದ ಡ್ರೋನ್ ತಾನೇ ಕಟ್ಟಡವಾಗಿ ಕರಗಿಹೋಗುತ್ತದೆ, ಅದರ ಬೆಲೆ 50. ಇಲ್ಲೂ 350!

ಸಮಸಮ. ಎರಡು ದಿನ ಇಲ್ಲೇ ನಿಂತಿದ್ದೆ. ತಪ್ಪಿದ್ದು ಎರಡು ಕಡೆ.

ಒಂದು, ಬ್ಯಾರಕ್ಸ್ ಅನ್ನು ನಷ್ಟದ ಖಾತೆಗೆ ಹಾಕಬಾರದಿತ್ತು. ರಷ್ ಮಾಡದಿದ್ದರೂ ಅದನ್ನು ಕಟ್ಟಲೇಬೇಕು. ಎಲ್ಲೋ ದೂರದಲ್ಲಿ ಕಟ್ಟಿದ್ದರೂ ಎಬ್ಬಿಸಿ ಹಾರಿಸಿಕೊಂಡು ಮನೆಗೆ ತರಬಹುದು. ಹಾಗಾಗಿ ಪಣಕ್ಕಿಟ್ಟಿದ್ದು 200 ಮಾತ್ರ.

ಎರಡನೆಯದು ಲಾರ್ವಾ. ಇದು ತಲೆಗೆ ಹೋಗಲು ತುಂಬಾ ಹೊತ್ತು ಹಿಡಿಯಿತು. ಟೆರನ್‌ಗೆ ಕೆಲಸದಾಳು ಹುಟ್ಟುವ ಜಾಗ ಬೇರೆ, ಸೈನಿಕ ಹುಟ್ಟುವ ಜಾಗ ಬೇರೆ. ಎರಡೂ ಒಟ್ಟಿಗೆ ನಡೆಯುತ್ತವೆ. ಜರ್ಗ್‌ಗೆ ಎರಡೂ ಹುಟ್ಟುವುದು ಅದೇ ಲಾರ್ವಾದಿಂದ. ಡ್ರೋನ್ ಮಾಡಿದರೆ ಜರ್ಗ್ಲಿಂಗ್ ಇಲ್ಲ, ಜರ್ಗ್ಲಿಂಗ್ ಮಾಡಿದರೆ ಡ್ರೋನ್ ಇಲ್ಲ. ಡ್ರೋನ್ ಅಂದರೆ ಬಿತ್ತನೆ ಭತ್ತ. ಬಂಕರ್ ಬಂದು ಕೂತಿತು ಅಂದರೆ ಜರ್ಗ್ ಆ ಬಿತ್ತನೆ ಭತ್ತವನ್ನೇ ಕುಟ್ಟಿ ಬೇಯಿಸಬೇಕು. ಹಾಂಗ್ ಪೂಲ್‌ಗಿಂತ (ಜರ್ಗ್ಲಿಂಗ್ ಮಾಡಲು ಬೇಕಾದ ಕಟ್ಟಡ) ಮೊದಲು ಹ್ಯಾಚರಿ ಹಾಕಿದ್ದರಿಂದ ಮೆರೀನ್ ಬಂದಾಗ ಜರ್ಗ್ಲಿಂಗ್ ಇರಲಿಲ್ಲ. ಇದ್ದ ಡ್ರೋನ್‌ಗಳನ್ನೇ ಜಗಳಕ್ಕೆ ಕಳಿಸಬೇಕಾಯಿತು. ಡ್ರೋನ್‌ನ ಜೀವ 40, ಟೆರನ್ ಕೆಲಸದಾಳಿನದು 60. ಮೇಲಾಗಿ ಆ ಕೆಲಸದಾಳು ಬಂಕರ್ ರಿಪೇರಿ ಬೇರೆ ಮಾಡುತ್ತಾನೆ. ಹಾಗಾಗಿ ಬಂಕರ್ ಒಡೆದರೂ ಅಷ್ಟರೊಳಗೆ ಐದಾರು ಡ್ರೋನ್ ಸತ್ತಿದ್ದರೆ ಟೆರನ್ ಹಿಂದೆ ಬಿದ್ದಿರುವುದಿಲ್ಲ.

ಅದಕ್ಕೇ ನನ್ನ ಉಪಾಯ: ಆ ಪಂದ್ಯ ನೋಡುವಾಗ ಬಂಕರ್ ಕಡೆ ನೋಡಲೇಬೇಡಿ. ಮಿನರಲ್ ಹತ್ತಿರ ಎಷ್ಟು ಡ್ರೋನ್ ಉಳಿದಿವೆ ಅಂತ ಎಣಿಸಿ. ಯಾರು ಗೆಲ್ಲುತ್ತಿದ್ದಾರೆ ಅನ್ನುವುದು ಕಾಮೆಂಟರಿಯವರು ಕೂಗುವ ಮೊದಲೇ ತಿಳಿಯುತ್ತದೆ. (ಇದನ್ನು ಕಲಿತ ಮೇಲೆ ನಾನೂ ಬಂಕರ್ ರಷ್ ಮಾಡಿದೆ. ಸೋತೆ. ಬಂಕರ್ ಕಟ್ಟುವ ಗಡಿಬಿಡಿಯಲ್ಲಿ ಮನೆಯಲ್ಲಿ ಕೆಲಸದಾಳು ಮಾಡುವುದನ್ನೇ ಮರೆತಿದ್ದೆ.)

ಹಾಂಗ್ ಮೂರು ಸಲವೂ ಯಾಕೆ ಸಿಕ್ಕಿಬಿದ್ದ? ದಡ್ಡತನ ಅಂತ ನನಗೆ ಅನ್ನಿಸುವುದಿಲ್ಲ. ಹೆದರಿ ಮೊದಲು ಪೂಲ್ ಹಾಕಿದರೆ, ರಷ್ ಬರದೇ ಹೋದಾಗ ಡ್ರೋನ್ ಕಡಿಮೆ ಬಿದ್ದು ಮುಂದಿನ ಆಟ ಕಷ್ಟ. 'ಮತ್ತೆ ಅದನ್ನೇ ಮಾಡ್ತಾನಾ?' ಅಂದುಕೊಂಡಿರಬೇಕು. ಮಾಡಿದ.

ಉಳಿದದ್ದು ಬೇಗ. ಫೈನಲ್‌ನಲ್ಲಿ ಬಾಕ್ಸರ್ ತಾನೇ ಬೆಳೆಸಿದ ತಂಡದ ಹುಡುಗ ಚೊಯ್ ಯನ್-ಸಂಗ್‌ಗೆ 2-3ರಲ್ಲಿ ಸೋತು ವೇದಿಕೆಯಲ್ಲೇ ಅತ್ತ. 2005ರ ಸೋ1 ಓಎಸ್‌ಎಲ್ ಫೈನಲ್‌ನಲ್ಲಿ ಓ ಯಂಗ್-ಜಾಂಗ್‌ಗೆ ಮತ್ತೆ 2-3. ಓಎಸ್‌ಎಲ್ ಮೂರು ಸಲ ಗೆದ್ದವರಿಗೆ ಕೊಡುತ್ತಿದ್ದ ಚಿನ್ನದ ಮೌಸ್ ಕೈಗೆ ಬರಲೇ ಇಲ್ಲ. 2006ರ ಅಕ್ಟೋಬರ್‌ನಲ್ಲಿ ಕಡ್ಡಾಯ ಸೇನಾ ಸೇವೆಗೆ ವಾಯುಪಡೆ ಸೇರಿದ. ಸಾಮಾನ್ಯವಾಗಿ ಆಟ ಅಲ್ಲಿಗೆ ಮುಗಿಯುತ್ತದೆ. ಆದರೆ ವಾಯುಪಡೆ 'ಏಸ್' ಅಂತ ತಂಡವನ್ನೇ ಕಟ್ಟಿತು, ಅವನು ಸಮವಸ್ತ್ರದಲ್ಲೇ ಲೀಗ್ ಆಡಿದ. 2008ರ ಕೊನೆಗೆ ಹೊರಬಂದ. ಮೂವತ್ತು ದಾಟಿದ ಮೇಲೂ ಆಡಬೇಕು ಅನ್ನುವುದು ಅವನ ಆಸೆ. 2010ರಲ್ಲಿ ಮೂವತ್ತು ತುಂಬಿದಾಗ ಸ್ಟಾರ್‌ಕ್ರಾಫ್ಟ್ 2 ಆಡುತ್ತಿದ್ದ, 'ಸ್ಲೇಯರ್ಸ್' ಅಂತ ತಂಡ ಕಟ್ಟಿದ್ದ. ಆಮೇಲೆ ಟಿ1ಗೆ ಕೋಚ್ ಆದ. 2013ರಲ್ಲಿ ಅದನ್ನೂ ಬಿಟ್ಟು ಪೋಕರ್ ಕಡೆ ಹೋದ. ಅಲ್ಲಿನ ಲೆಕ್ಕಕ್ಕೆ ನಾನಿನ್ನೂ ಕೈ ಹಾಕಿಲ್ಲ.