ಎತ್ತರವೂ ಒಂಥರಾ ಪೆಟ್ರೋಲೇ

ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಎದ್ದ ಪುಟ್ಟ ವಿಮಾನವೊಂದು ನಮ್ಮ ಬೀದಿ ಮೇಲೆ ಹಾದುಹೋಯಿತು. ಪಕ್ಕದ ಮನೆಯವರು ಕತ್ತೆತ್ತಿ ನೋಡಿ, "ಪೆಟ್ರೋಲ್ ಖಾಲಿಯಾದ್ರೆ ಕಲ್ಲು ಬಿದ್ದಂಗೆ ಬೀಳುತ್ತೆ, ಅಲ್ವಾ ಸಾರ್?" ಅಂದರು. ಎಷ್ಟು ಜನ ಹೀಗೇ ನಂಬಿದ್ದಾರೆ! ಇಲ್ಲ, ಹಾಗೆ ಬೀಳುವುದಿಲ್ಲ.

ಚಾಮುಂಡಿ ಬೆಟ್ಟದಿಂದ ಸೈಕಲ್ಲಿನಲ್ಲಿ ಇಳಿದವರನ್ನು ಕೇಳಿ. ಪೆಡಲ್ ತುಳಿಯುವುದೇ ಬೇಡ. ಹತ್ತುವಾಗ ಸುರಿಸಿದ ಬೆವರೆಲ್ಲ ಎತ್ತರವಾಗಿ ಕೂಡಿಟ್ಟ ದುಡ್ಡು. ಇಳಿಯುವಾಗ ಅದನ್ನೇ ಖರ್ಚು ಮಾಡುತ್ತೀರಿ. ಎಂಜಿನ್ ನಿಂತ ವಿಮಾನವೂ ಮೂಗು ಸ್ವಲ್ಪ ತಗ್ಗಿಸಿ, ಕಣ್ಣಿಗೆ ಕಾಣದ ಇಳಿಜಾರಿನಲ್ಲಿ ಜಾರುತ್ತದೆ. ರೆಕ್ಕೆಗೆ ಬೇಕಾದ ವೇಗ ಆ ಜಾರುವಿಕೆಯಿಂದಲೇ ಸಿಗುತ್ತದೆ. ಹಾರಲು ಕಲಿಯುವವರು ಜಾಸ್ತಿ ಬಳಸುವ ಸೆಸ್ನಾ 172 ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 9 ಮೀಟರ್ ಮುಂದೆ ಹೋಗುತ್ತದೆ. ಬೆಟ್ಟ ನಮ್ಮ ಊರಿಗಿಂತ ಸುಮಾರು 300 ಮೀಟರ್ ಎತ್ತರ. ಅಷ್ಟೆತ್ತರದಲ್ಲಿ ಎಂಜಿನ್ ನಿಂತರೆ ಹೆಚ್ಚುಕಡಿಮೆ 2.7 ಕಿಲೋಮೀಟರ್ ಸಿಕ್ಕಿತು. ಒಂದು ಕಿಲೋಮೀಟರ್ ಎತ್ತರವಿದ್ದರೆ 9 ಕಿಲೋಮೀಟರ್ ದೂರ, ನಾಲ್ಕು ನಿಮಿಷ ಸಮಯ. ಮೈಸೂರಿನ ಮೇಲಿಂದ ಶ್ರೀರಂಗಪಟ್ಟಣ ಕೂಡ ಮುಟ್ಟಲಾಗದು. ಆದರೆ ಕಟಾವಾದ ಒಂದು ಭತ್ತದ ಗದ್ದೆ ಹುಡುಕಿಕೊಳ್ಳಲು ನಾಲ್ಕು ನಿಮಿಷ ಕಡಿಮೆಯೇನಲ್ಲ.

ಹಾಗಾದರೆ ಜನ ಸಾಯುವುದು ಯಾಕೆ? "ಇನ್ನೊಂದು ಚೂರು ದೂರ, ರನ್‌ವೇ ಸಿಕ್ಕೇಬಿಡುತ್ತೆ" ಅನ್ನುವ ಆಸೆಯಿಂದ. ಆ ಆಸೆಗೆ ಬಿದ್ದ ಪೈಲಟ್ ಮೂಗನ್ನು ಮೇಲೆತ್ತುತ್ತಾನೆ. ಗಂಟೆಗೆ ಸುಮಾರು 125 ಕಿಲೋಮೀಟರ್ ಇರಬೇಕಾದ ವೇಗ ಇಳಿಯುತ್ತಾ ಹೋಗುತ್ತದೆ. ರೆಕ್ಕೆ ಎದುರುಗಾಳಿಗೆ ಸುಮಾರು 15 ಡಿಗ್ರಿಗಿಂತ ಹೆಚ್ಚು ಓರೆಯಾದರೆ, ಅದರ ಮೇಲೆ ಅಂಟಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಕೊಳ್ಳುತ್ತದೆ. ಮಂಡ್ಯದ ಕಡೆ ವಿ.ಸಿ. ನಾಲೆ ನೋಡಿದ್ದೀರಲ್ಲ? ತಿರುವು ನಯವಾಗಿದ್ದರೆ ನೀರು ದಡ ಸವರಿಕೊಂಡೇ ಹೋಗುತ್ತದೆ. ತಿರುವು ಕಡಿದಾದರೆ ದಡ ಬಿಟ್ಟು ಸುಳಿಯಾಗುತ್ತದೆ. ರೆಕ್ಕೆಯ ಮೇಲೂ ಅದೇ ಸುಳಿ. ಬ್ಯಾಂಕಿನಲ್ಲಿ ದುಡ್ಡು ಇದೆ, ಆದರೆ ಬಾಗಿಲು ಹಾಕಿಬಿಟ್ಟಿದ್ದಾರೆ ಅನ್ನುವ ಸ್ಥಿತಿ. ಕಲ್ಲಿನ ಹಾಗೆ ಬೀಳುವುದು ಆಗ. ಪೆಟ್ರೋಲ್ ಮುಗಿದಾಗ ಅಲ್ಲ.

1983ರ ಜುಲೈ 23ರಂದು ಕೆನಡಾದಲ್ಲಿ ದೊಡ್ಡ ಬೋಯಿಂಗ್ 767 ವಿಮಾನವೇ ಹೀಗೆ ಜಾರಿ ಇಳಿಯಿತು. ಆ ದೇಶ ಪೌಂಡ್ ಬಿಟ್ಟು ಕಿಲೋಗೆ ಬದಲಾಗುತ್ತಿದ್ದ ಕಾಲ. ಬೇಕಿದ್ದದ್ದು 22,300 ಕಿಲೋ ಇಂಧನ. ಮೀಟರ್ ಕೆಟ್ಟಿದ್ದರಿಂದ ಕಡ್ಡಿಯಲ್ಲಿ ಅಳೆದರು. ಕಡ್ಡಿ ಸರಿಯಾಗಿಯೇ ಹೇಳಿತು. ಲೀಟರನ್ನು ತೂಕಕ್ಕೆ ತಿರುಗಿಸುವಾಗ ಕಿಲೋದ 0.8ರ ಬದಲು ಪೌಂಡಿನ 1.77ರಿಂದ ಗುಣಿಸಿ, ಬಂದ ಪೌಂಡನ್ನೇ ಕಿಲೋ ಅಂದುಕೊಂಡುಬಿಟ್ಟರು. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಕಡಿಮೆ! ದಾರಿಯಲ್ಲಿ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಎಂಬಲ್ಲಿ ವಾಯುಪಡೆ ಬಿಟ್ಟುಹೋಗಿದ್ದ ಹಳೇ ರನ್‌ವೇ ಮೇಲೆ ಇಳಿಸಿದರು. 69 ಜನರೂ ಉಳಿದರು.

ಪುಟ್ಟ ವಿಮಾನ ಬಿದ್ದ ಸುದ್ದಿ ಬಂದಾಗ ನಮ್ಮಲ್ಲಿ "ಟೈಮ್ ಸರಿ ಇರಲಿಲ್ಲ" ಅಂದುಬಿಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟ ತರುತ್ತದೆ. ಆಯುಧಪೂಜೆ ದಿನ ಚಕ್ರಕ್ಕೆ ನಿಂಬೆಹಣ್ಣು ಇಡಿ, ಬೇಡ ಅನ್ನುವುದಿಲ್ಲ. ಆದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದ್ದರಾ? ಸೆಸ್ನಾದಂಥ ಎಷ್ಟೋ ವಿಮಾನಗಳಲ್ಲಿ ಇಂಧನದ ಮೀಟರ್ ಅಂದರೆ ಟ್ಯಾಂಕಿನೊಳಗೆ ತೇಲುವ ಒಂದು ಬೆಂಡು, ಅದಕ್ಕೆ ಕಟ್ಟಿದ ಮುಳ್ಳು. ವಿಮಾನ ವಾಲಿದರೆ ಇಂಧನ ಒಂದು ಕಡೆ ಸರಿಯುತ್ತದೆ, ಮುಳ್ಳು ಕುಣಿಯುತ್ತದೆ. ಅದನ್ನೊಂದೇ ನಂಬಿ ಹೊರಡುವಂತಿಲ್ಲ.

ನಮ್ಮಪ್ಪ ಸ್ಕೂಟರಿನಲ್ಲಿ ಮಂಡ್ಯಕ್ಕೆ ಹೊರಡುವ ಮುಂಚೆ ಸೀಟ್ ಎತ್ತಿ, ಟ್ಯಾಂಕಿಗೆ ಕಡ್ಡಿ ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಅಂತ ನೋಡುತ್ತಿದ್ದರು. ಒಳ್ಳೆಯ ಪೈಲಟ್ ಕೂಡ ಪ್ರತಿ ಸಲ ರೆಕ್ಕೆಯ ಹತ್ತಿರ ಹತ್ತಿ, ಮುಚ್ಚಳ ಬಿಚ್ಚಿ, ಅದೇ ರೀತಿ ಗುರುತು ಹಾಕಿದ ಕಡ್ಡಿ ಇಳಿಸುತ್ತಾನೆ. ಆಮೇಲೆ ಗಂಟೆಗೆ 30-35 ಲೀಟರ್ ಲೆಕ್ಕ ಹಾಕಿ ಕೈಗಡಿಯಾರ ನೋಡಿಕೊಂಡು ಹೊರಡುತ್ತಾನೆ.