ಕೊನೆಗೊಂದು ಪದ ಸೇರಿಸಿದರೆ ಮೊದಲ ಸಾಲೇಕೆ ಅಲುಗಿತು?

ಸಂಶೋಧನಾ ಪ್ರಬಂಧದ ಕರಡು ತಿದ್ದುತ್ತಿದ್ದ ಕಿರಿಯ ಸಂಶೋಧಕಿಯೊಬ್ಬರು ಒಮ್ಮೆ ನನ್ನ ಬಳಿ ದೂರು ತಂದರು. ಪ್ಯಾರಾದ ಕೊನೆಯಲ್ಲಿ ‘ಸುಮಾರು’ ಎಂಬ ಒಂದೇ ಪದ ಸೇರಿಸಿದ್ದರು. ಪ್ರಬಂಧದ ಪುಟಗಳನ್ನು ಜೋಡಿಸಿಕೊಡುವ ಲೇಟೆಕ್ ತಂತ್ರಾಂಶವನ್ನು ಮತ್ತೊಮ್ಮೆ ಓಡಿಸಿ ನೋಡಿದರೆ ಅದೇ ಪ್ಯಾರಾದ ಮೊದಲ ಸಾಲು ಬೇರೆಲ್ಲೋ ಮುರಿದಿತ್ತು. “ನಾನು ಮುಟ್ಟಿದ್ದು ಬಾಲ ಸರ್, ಅಲ್ಲಾಡಿದ್ದು ತಲೆ. ತಂತ್ರಾಂಶದಲ್ಲೇ ಏನೋ ಕೆಟ್ಟಿದೆ” ಎಂದರು. ಏನೂ ಕೆಟ್ಟಿರಲಿಲ್ಲ. ಗಣಕ ವಿಜ್ಞಾನದಲ್ಲಿ ನಾನು ಕಂಡ ಅತಿ ಚೆಲುವಾದ ವಿಚಾರಗಳಲ್ಲೊಂದು ಅವರ ಕಣ್ಣೆದುರೇ ಕೆಲಸ ಮಾಡುತ್ತಿತ್ತು. ಅದನ್ನು ಬಿಡಿಸಿ ಹೇಳಬೇಕೆಂಬ ಆಸೆ ಅಂದಿನಿಂದಲೂ ಇದೆ.

ಲೇಟೆಕ್ ಅಳವಡಿಸಿಕೊಳ್ಳುವುದು ಹೇಗೆ, ಕಡತ ಶುರುಮಾಡುವುದು ಹೇಗೆ ಎಂಬುದನ್ನೆಲ್ಲ ಇಲ್ಲಿ ಹೇಳುತ್ತಿಲ್ಲ. ಅದು ಅರ್ಧ ದಿನದ ಕಲಿಕೆ. ಅದಕ್ಕಿಂತ ಕಷ್ಟವಾದದ್ದು ಒಂದು ಹಳೇ ಚಾಳಿ ಬಿಡುವುದು. ಬರೆಯುತ್ತ ಬರೆಯುತ್ತಲೇ ಪುಟ ಸಿಂಗರಿಸುವ ಚಾಳಿ. ಶೀರ್ಷಿಕೆ ಬಂತೆಂದರೆ ಅಕ್ಷರ ದಪ್ಪ ಮಾಡುವುದು, ಚಿತ್ರ ಕೆಳಗಿಳಿಯಲಿ ಎಂದು ಎಂಟರ್ ಒತ್ತುತ್ತಲೇ ಹೋಗುವುದು, ಸಮೀಕರಣ ನಡುವಿಗೆ ಬರಲಿ ಎಂದು ಸ್ಪೇಸ್ ಎಣಿಸುವುದು. ಒಂದು ಪತ್ರಿಕೆ ಪ್ರಬಂಧವನ್ನು ತಿರಸ್ಕರಿಸಿ, ಎರಡು ಕಾಲಮ್ಮಿನ ಇನ್ನೊಂದು ಪತ್ರಿಕೆಗೆ ಕಳಿಸಬೇಕಾಗಿ ಬಂದಾಗ ಆ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆ. ಲೇಟೆಕ್‌ಗೆ ಲೇಖಕರು ಹೇಳಬೇಕಾದ್ದು ಇಷ್ಟೇ: ಇದು ವಿಭಾಗದ ಶೀರ್ಷಿಕೆ, ಇದು ಸಮೀಕರಣ, ಇದು ಚಿತ್ರ, ಇದು ಆಕರ. ಎಷ್ಟು ದಪ್ಪ, ಎಷ್ಟು ಅಂತರ ಎಂಬ ತೀರ್ಮಾನವೆಲ್ಲ ಬೇರೊಂದು ಕಡತದ್ದು. ಆ ಕಡತ ಬದಲಿಸಿದರೆ ಇಡೀ ಪ್ರಬಂಧ ಹೊಸ ಉಡುಪು ತೊಡುತ್ತದೆ.

ಕ್ರಮಸಂಖ್ಯೆಗಳನ್ನೂ ಕೈಯಾರೆ ಬರೆಯಬಾರದು. ಚಿತ್ರಕ್ಕೊಂದು ಅಡ್ಡಹೆಸರು ಕೊಟ್ಟು, ಪ್ರಬಂಧದುದ್ದಕ್ಕೂ ಅದೇ ಹೆಸರಿನಿಂದ ಕರೆಯಬೇಕು. ಮೊದಲ ಓಟದಲ್ಲಿ ತಂತ್ರಾಂಶ ಯಾವ ಹೆಸರಿಗೆ ಯಾವ ಸಂಖ್ಯೆ ಎಂದು ಪುಟ್ಟ ಸಹಾಯಕ ಕಡತದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಎರಡನೇ ಓಟದಲ್ಲಿ ಅದನ್ನು ಓದಿ ಸಂಖ್ಯೆ ತುಂಬುತ್ತದೆ. ಒಂದೇ ಸಲ ಓಡಿಸಿ, ಸಂಖ್ಯೆ ಇರಬೇಕಾದಲ್ಲಿ ಜೋಡಿ ಪ್ರಶ್ನಾರ್ಥಕ ಚಿಹ್ನೆ ಕಂಡು ಗಾಬರಿಯಾಗುವವರು ಬಹಳ. ಇನ್ನೊಂದು ಸಲ ಓಡಿಸಿದರೆ ಸರಿಹೋಗುತ್ತದೆ. ಹೋಗದಿದ್ದರೆ ಹೆಸರಿನ ಕಾಗುಣಿತ ತಪ್ಪಿದೆ ಎಂದರ್ಥ.

ಲೇಟೆಕ್‌ನ ಬುಡದಲ್ಲಿರುವ ಮೂಲ ತಂತ್ರಾಂಶ ಟೆಕ್ ಹುಟ್ಟಿದ್ದು ಒಬ್ಬ ಲೇಖಕರ ಸಂಕಟದಿಂದ. ಸ್ಟ್ಯಾನ್‌ಫರ್ಡ್‌ನ ಗಣಕ ವಿಜ್ಞಾನಿ ಡೊನಾಲ್ಡ್ ಕನೂತ್ ಬರೆದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ ಗ್ರಂಥದ ಮೊದಲ ಸಂಪುಟ 1968ರಲ್ಲಿ ಬಂದಾಗ ಅಕ್ಷರಗಳನ್ನು ಕಾಯಿಸಿದ ಲೋಹದಲ್ಲಿ ಎರಕ ಹೊಯ್ದು ಜೋಡಿಸಲಾಗಿತ್ತು. 1977ರಲ್ಲಿ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡಚ್ಚು ಕೈಗೆ ಬಂತು. ಅಷ್ಟರಲ್ಲಿ ಲೋಹ ಹೋಗಿ ಛಾಯಾಚಿತ್ರಣದ ಜೋಡಣೆ ಬಂದಿತ್ತು. ಆ ಪುಟಗಳನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಪುಟ ಎಂದರೆ ಕೊನೆಗೂ ಏನು? ಈ ಚುಕ್ಕಿಯಲ್ಲಿ ಶಾಯಿ ಇದೆ, ಆ ಚುಕ್ಕಿಯಲ್ಲಿ ಇಲ್ಲ. ಒಂದು ಮತ್ತು ಸೊನ್ನೆ. ಹಾಗಿದ್ದರೆ ಇದು ತನ್ನದೇ ಕೆಲಸ ಎಂದುಕೊಂಡರು. 1978ರ ರಜಾವರ್ಷದಲ್ಲಿ ಮುಗಿಸುವ ಅಂದಾಜು ಹಾಕಿದ್ದರು. ಟೆಕ್ ಭಾಷೆ ಒಂದು ಸ್ಥಿರ ರೂಪಕ್ಕೆ ಬಂದು ನಿಂತದ್ದು 1989ರಲ್ಲಿ. ಹೆಸರು ಬಂದದ್ದು ಕಲೆ, ಕೌಶಲ ಎರಡನ್ನೂ ಹೇಳುವ ಗ್ರೀಕ್ ಪದದಿಂದ. ಹಾಗಾಗಿ ಇಂಗ್ಲಿಷಿನಲ್ಲಿ TeX ಎಂದು ಬರೆದರೂ ಅದನ್ನು ‘ಟೆಕ್ಸ್’ ಎನ್ನುವುದು ತಪ್ಪು. ಟೆಕ್‌ನ ಆವೃತ್ತಿ ಸಂಖ್ಯೆ ಪ್ರತಿ ತಿದ್ದುಪಡಿಗೂ ಒಂದು ಅಂಕಿಯಷ್ಟು ಉದ್ದವಾಗುತ್ತ ‘ಪೈ’ ಬೆಲೆಯತ್ತ ಸಾಗುತ್ತದೆ. 2021ರಲ್ಲಿ ಅದು 3.141592653 ಆಯಿತು. ತಾನು ತೀರಿಕೊಂಡ ಮೇಲೆ ಅದನ್ನು ‘ಪೈ’ ಎಂದೇ ಕರೆಯಬೇಕು, ಆಮೇಲೆ ಯಾರೂ ಮುಟ್ಟಬಾರದು ಎಂದು ಕನೂತ್ ಹೇಳಿಟ್ಟಿದ್ದಾರೆ. ಟೆಕ್ ಮೇಲೆ ಲೇಟೆಕ್ ಎಂಬ ಪದರ ಕಟ್ಟಿದವರು ಲೆಸ್ಲಿ ಲ್ಯಾಂಪೋರ್ಟ್, 1980ರ ದಶಕದಲ್ಲಿ. ಇಬ್ಬರಿಗೂ ಗಣಕ ವಿಜ್ಞಾನದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿದೆ, ಇಬ್ಬರಿಗೂ ಬೇರೆ ಕೆಲಸಕ್ಕಾಗಿ!

ಇನ್ನು ಅಲುಗಿದ ಸಾಲಿನ ಕತೆ.

ಎಡಬಲದ ಅಂಚು ಎರಡೂ ನೇರವಾಗಿರಬೇಕಾದರೆ ಎಲ್ಲ ಸಾಲುಗಳೂ ಒಂದೇ ಅಗಲ ಇರಬೇಕು. ಪದದ ಅಗಲ ಬದಲಾಗುವುದಿಲ್ಲ. ಹಿಗ್ಗಬಹುದಾದದ್ದು, ಕುಗ್ಗಬಹುದಾದದ್ದು ಪದಗಳ ನಡುವಿನ ಬಿಡುವು ಮಾತ್ರ. ಅಚ್ಚುಮೊಳೆ ಜೋಡಿಸುವವರು ಪದಗಳ ನಡುವೆ ದಪ್ಪ, ತೆಳು ಲೋಹದ ತುಂಡುಗಳನ್ನು ಸಿಕ್ಕಿಸಿ ಸಾಲು ಬಿಗಿ ಮಾಡುತ್ತಿದ್ದರು. ಗುಟೆನ್‌ಬರ್ಗ್ ಅಂತೂ ತನ್ನ ಬೈಬಲ್ಲಿಗೆ ಒಂದೇ ಅಕ್ಷರದ ಅಗಲ ಮತ್ತು ಕಿರಿದಾದ ರೂಪಗಳನ್ನು ಎರಕ ಹೊಯ್ದಿಟ್ಟುಕೊಂಡು, ಪದಗಳನ್ನೇ ಅಲ್ಲಲ್ಲಿ ಮೊಟಕು ಮಾಡಿ ಅಂಚು ಸಮ ಮಾಡಿದ. ಅಂಚಿನ ಹಟ ಅಷ್ಟು ಹಳೆಯದು.

ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಸುಲಭದ ದಾರಿ ದುರಾಸೆಯ ದಾರಿ. ಒಂದು ಸಾಲಿಗೆ ಎಷ್ಟು ಪದ ಹಿಡಿಯುತ್ತದೋ ಅಷ್ಟು ತುಂಬು, ಮುಂದಿನ ಸಾಲಿಗೆ ಹೋಗು, ಹಿಂದಿರುಗಿ ನೋಡಬೇಡ. ಹೊಳೆಯೊಂದನ್ನು ಕಲ್ಲಿಂದ ಕಲ್ಲಿಗೆ ಕಾಲಿಟ್ಟು ದಾಟುತ್ತಿದ್ದೀರಿ ಎಂದುಕೊಳ್ಳಿ. ದುರಾಸೆಯವನು ಕಾಲು ಚಾಚಿದಷ್ಟು ದೂರದ ಕಲ್ಲಿಗೇ ಹೆಜ್ಜೆ ಇಡುತ್ತಾನೆ. ಅಲ್ಲಿ ನಿಂತ ಮೇಲೆ ನೋಡಿದರೆ, ಮುಂದಿನದು ಪಕ್ಕದಲ್ಲೇ ಇರುವ ಪುಟ್ಟ ಕಲ್ಲು ಅಥವಾ ಹಾರಿದರೂ ಎಟುಕದ ಬಂಡೆ. ಒಂದು ಕಲ್ಲು ಹಿಂದೆ ನಿಂತಿದ್ದರೆ ಎರಡು ಹೆಜ್ಜೆಯೂ ಸಲೀಸಾಗುತ್ತಿತ್ತು. ಸಾಲು ಮುರಿಯಬಹುದಾದ ಪ್ರತಿಯೊಂದು ಜಾಗವೂ ಒಂದು ಕಲ್ಲು, ಪ್ರತಿಯೊಂದು ಸಾಲೂ ಒಂದು ಹೆಜ್ಜೆ. ಟೆಕ್ ದಡದಲ್ಲಿ ನಿಂತು ಆಚೆ ದಡದವರೆಗೆ ಕಲ್ಲುಗಳನ್ನೆಲ್ಲ ನೋಡಿಕೊಂಡ ಮೇಲೆಯೇ ಮೊದಲ ಹೆಜ್ಜೆ ಎತ್ತುವುದು.

ಹೆಜ್ಜೆ ಸಲೀಸೋ ಕಷ್ಟವೋ ಎಂದು ಅಳೆಯುವುದು ಹೇಗೆ? ಪದಗಳ ನಡುವಿನ ಬಿಡುವನ್ನು ಕನೂತ್ ‘ಅಂಟು’ ಎಂದು ಕರೆದರು. ನನ್ನನ್ನು ಕೇಳಿದರೆ ಅದು ಸ್ಪ್ರಿಂಗು. ಟೆಕ್‌ನ ಮೂಲ ಅಕ್ಷರಶೈಲಿಯ 10 ಪಾಯಿಂಟ್ ಗಾತ್ರದಲ್ಲಿ ಈ ಸ್ಪ್ರಿಂಗಿನ ಸಹಜ ಉದ್ದ 3.33 ಪಾಯಿಂಟ್. ಅದು ಆರಾಮಾಗಿ 1.67ರಷ್ಟು ಹಿಗ್ಗಬಹುದು, ಕುಗ್ಗುವುದು ಮಾತ್ರ 1.11ರಷ್ಟೇ, ಅದಕ್ಕಿಂತ ಎಳ್ಳಷ್ಟೂ ಹೆಚ್ಚಿಲ್ಲ. ಹಿಗ್ಗಿದ ಪ್ರಮಾಣದ ಘನವನ್ನು ನೂರರಿಂದ ಗುಣಿಸಿದರೆ ಸಾಲಿನ ‘ಕೆಡುಕು’ ಸಿಗುತ್ತದೆ. ಪೂರ್ತಿ ಹಿಗ್ಗಿದರೆ ಕೆಡುಕು 100. ಅರ್ಧವೇ ಹಿಗ್ಗಿದರೆ 50 ಅಲ್ಲ, ಬರೀ 12.5, ಟೆಕ್ ಲೆಕ್ಕಕ್ಕೆ ಹಿಡಿಯುವುದು 12. ಅದಕ್ಕೆ 10 ಕೂಡಿಸಿ ವರ್ಗ ಮಾಡಿದರೆ ಆ ಸಾಲಿನ ದೋಷಾಂಕ. ಎರಡು ಸಾಲುಗಳಲ್ಲಿ ಒಂದು ಪರಿಪೂರ್ಣ, ಇನ್ನೊಂದು ಪೂರ್ತಿ ಹಿಗ್ಗಿದೆ ಎಂದಾದರೆ ಒಟ್ಟು ದೋಷಾಂಕ 100 ಮತ್ತು 12100 ಸೇರಿ 12200. ಅದೇ ಹಿಗ್ಗನ್ನು ಇಬ್ಬರೂ ಅರ್ಧರ್ಧ ಹೊತ್ತರೆ 484 ಮತ್ತು 484, ಒಟ್ಟು 968! ಒಂದೇ ಹೆಗಲ ಮೇಲೆ ಹೇರಿದ ಮೂಟೆಗೂ ಇಬ್ಬರು ಹಂಚಿಕೊಂಡ ಮೂಟೆಗೂ ಇರುವ ವ್ಯತ್ಯಾಸ ಈ ಲೆಕ್ಕದಲ್ಲಿ ಹನ್ನೆರಡು ಪಟ್ಟಿಗೂ ಹೆಚ್ಚು. ಒಂದು ಸಾಲು ಸೊಗಸಾಗಲೆಂದು ಪಕ್ಕದ ಸಾಲನ್ನು ಬಲಿ ಕೊಡುವುದನ್ನು ಈ ಘನ, ಈ ವರ್ಗ ಸೇರಿ ತಡೆಯುತ್ತವೆ.

ಆದರೆ ನೂರು ಪದದ ಪ್ಯಾರಾದಲ್ಲಿ 99 ಬಿಡುವುಗಳಿವೆ. ಒಂದೊಂದರಲ್ಲೂ ಮುರಿಯಬಹುದು ಅಥವಾ ಬಿಡಬಹುದು ಎಂದರೆ ಒಟ್ಟು ಸಾಧ್ಯತೆಗಳನ್ನು ಬರೆಯಲು 30 ಅಂಕಿ ಬೇಕು. ಅಷ್ಟನ್ನೂ ಪರೀಕ್ಷಿಸುತ್ತ ಕೂತರೆ ಯಾವ ಗಣಕಕ್ಕೂ ಮುಗಿಯದು. ಕನೂತ್ ಮತ್ತು ಅವರ ವಿದ್ಯಾರ್ಥಿ ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದ ಉಪಾಯ ನನಗೆ ಇವತ್ತಿಗೂ ರೋಮಾಂಚನ ತರುತ್ತದೆ. ಹೊಳೆಯ ನಡುವಿನ ಯಾವುದೋ ಕಲ್ಲಿನ ಮೇಲೆ ನಿಂತಿದ್ದೀರಿ. ಅಲ್ಲಿಗೆ ಯಾವ ದಾರಿಯಿಂದ ಬಂದಿರಿ ಎಂಬುದು ಮುಂದಿನ ದಾರಿಗೆ ಸಂಬಂಧವಿಲ್ಲ. ಹಾಗಾದರೆ ಪ್ರತಿ ಕಲ್ಲಿನ ಮೇಲೂ ಒಂದೇ ಒಂದು ವಿಷಯ ಬರೆದಿಟ್ಟರೆ ಸಾಕು: ಇಲ್ಲಿಗೆ ಬರುವ ದಾರಿಗಳಲ್ಲಿ ಅತಿ ಕಡಿಮೆ ದೋಷಾಂಕದ್ದು ಯಾವುದು, ಅದರಲ್ಲಿ ಇದಕ್ಕೆ ಹಿಂದಿನ ಕಲ್ಲು ಯಾವುದು. ಉಳಿದ ದಾರಿಗಳನ್ನೆಲ್ಲ ಮರೆತುಬಿಡಬಹುದು. ಆಚೆ ದಡ ಮುಟ್ಟಿದ ಮೇಲೆ ಹಿಂದಿನ ಕಲ್ಲು, ಅದರ ಹಿಂದಿನ ಕಲ್ಲು ಎಂದು ಗುರುತು ಹಿಡಿದು ವಾಪಸು ನಡೆದರೆ ಇಡೀ ಪ್ಯಾರಾದ ಅತ್ಯುತ್ತಮ ಮುರಿತಗಳು ಸಾಲುಸಾಲಾಗಿ ಸಿಗುತ್ತವೆ. ಮೂವತ್ತು ಅಂಕಿಯ ಬೆಟ್ಟ ಕರಗಿ ಕೆಲವು ನೂರು ಲೆಕ್ಕವಾಗುತ್ತದೆ!

ದಾರಿ ತೀರ್ಮಾನವಾಗುವುದು ಆಚೆ ದಡ ಮುಟ್ಟಿದಾಗ. ‘ಸುಮಾರು’ ಆ ದಡವನ್ನೇ ತುಸು ಸರಿಸಿತ್ತು. ಈಗ ಬೇರೊಂದು ದಾರಿ ಅಗ್ಗವಾಯಿತು, ಆ ದಾರಿಯ ಮೊದಲ ಕಲ್ಲು ಬೇರೆಯಾಗಿತ್ತು.

ಈ ಲೆಕ್ಕದೊಳಗೆ ಅಭಿರುಚಿಯನ್ನೂ ತೂರಿಸಬಹುದು. ಪದವನ್ನು ನಡುವೆ ಮುರಿದು ಅಡ್ಡಗೆರೆ ಹಾಕಿದರೆ 50 ದಂಡ. ಸತತ ಎರಡು ಸಾಲುಗಳ ತುದಿಯಲ್ಲಿ ಅಡ್ಡಗೆರೆ ಬಂದರೆ ದೋಷಾಂಕಕ್ಕೆ 10000 ಸೇರುತ್ತದೆ. ತೀರ ಸಡಿಲ ಸಾಲಿನ ಪಕ್ಕ ಬಿಗಿ ಸಾಲು ಬಂದರೂ ಅಷ್ಟೇ. ದಂಡವೇ 10000 ಆದರೆ ಅಲ್ಲಿ ಎಂದೂ ಮುರಿಯಬೇಡ ಎಂದರ್ಥ. ಅಲೆಗೆರೆ ಚಿಹ್ನೆ (~) ಮಾಡುವುದು ಇದನ್ನೇ. ‘ಚಿತ್ರ’ ಒಂದು ಸಾಲಿನ ಕೊನೆಗೆ, ‘3’ ಮುಂದಿನ ಸಾಲಿನ ಮೊದಲಿಗೆ ಬಂದರೆ ಓದುವವರ ಕಣ್ಣು ಎಡವುತ್ತದೆ. ಅವೆರಡರ ನಡುವೆ ಸ್ಪೇಸ್ ಬದಲು ಅಲೆಗೆರೆ ಹಾಕಿದರೆ ಅಗಲುವುದಿಲ್ಲ. ಸಂಖ್ಯೆ ಮತ್ತು ಅದರ ಮಾನದ ನಡುವೆಯೂ ಹೀಗೇ ಹಾಕಬೇಕು. ಎಷ್ಟೋ ಒಳ್ಳೆಯ ಪ್ರಬಂಧಗಳಲ್ಲಿ ಇದೊಂದನ್ನು ಮರೆತಿರುವುದು ನೋಡಿ ಸಂಕಟವಾಗುತ್ತದೆ.

ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಈ ಯಂತ್ರ ಇನ್ನೂ ಹೆಚ್ಚು ಬೇಕು. ‘ಮಾಡಬೇಕಾಗಿರುವುದರಿಂದ’ ಎಂಬುದು ನಮಗೆ ಒಂದೇ ಪದ. ಪದ ಉದ್ದವಾದಷ್ಟೂ ಸಾಲಿನಲ್ಲಿ ಸ್ಪ್ರಿಂಗುಗಳು ಕಡಿಮೆ. ಇರುವ ಎರಡು ಮೂರು ಸ್ಪ್ರಿಂಗುಗಳೇ ಎಲ್ಲ ಹಿಗ್ಗನ್ನೂ ಹೊರಬೇಕು. ಕಿರಿದಾದ ಕಾಲಮ್ಮಿನಲ್ಲಿ ಕನ್ನಡ ಸಾಲುಗಳು ಹಲ್ಲುದುರಿದ ಬಾಯಿಯಂತೆ ಕಾಣುವುದು ಇದರಿಂದಲೇ. ಹಾಗಾಗಿ ಪದದೊಳಗೆ ಮುರಿಯಲು ಬರಬೇಕು. ಇಂಗ್ಲಿಷಿಗಾಗಿ ಫ್ರಾಂಕ್ ಲಿಯಾಂಗ್ 1983ರ ತಮ್ಮ ಪ್ರೌಢಪ್ರಬಂಧದಲ್ಲಿ ಇಡೀ ನಿಘಂಟನ್ನು ಅರೆದು 4447 ಪುಟ್ಟ ವಿನ್ಯಾಸಗಳಿಗೆ ಇಳಿಸಿದರು, ಜೊತೆಗೆ 14 ಅಪವಾದಗಳು. ನಮ್ಮ ಲಿಪಿಯಲ್ಲಿ ಉಚ್ಚಾರಣೆ ಬರಹದಲ್ಲೇ ಇರುವುದರಿಂದ ಅಷ್ಟು ಪಾಡಿಲ್ಲ: ಅಕ್ಷರ ಮುಗಿದಲ್ಲಿ ಮುರಿಯಬಹುದು, ಒತ್ತನ್ನು ಅದರ ವ್ಯಂಜನದಿಂದ ಬೇರ್ಪಡಿಸಬಾರದು. ‘ವಿಜ್ಞಾನ’ ಎಂಬುದು ‘ವಿ’ ಆದ ಮೇಲೆ ಮುರಿಯಬಹುದು, ‘ಜ್ಞಾ’ ಎಂದೂ ಒಡೆಯಬಾರದು. ಮೂಲ ಟೆಕ್‌ಗೆ ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳಿಗೆಲ್ಲ ಇರುವ ಏಕರೂಪದ ಅಕ್ಷರಸಂಕೇತ, ಗೊತ್ತಿಲ್ಲ. 2004ರಲ್ಲಿ ಜೊನಾಥನ್ ಕ್ಯೂ ಅವರ ಯೂನಿಕೋಡ್ ಬಲ್ಲ ಝೀಟೆಕ್ ಬಂದ ಮೇಲೆ ಕನ್ನಡವನ್ನು ನೇರವಾಗಿ ಟೈಪ್ ಮಾಡಿ ಜೋಡಿಸುವ ದಾರಿ ತೆರೆಯಿತು.

ಗಣಿತದ ಜೋಡಣೆ ಬೇರೆಯೇ ಲೋಕ, ಒಂದೇ ಸಂಗತಿ ಹೇಳುತ್ತೇನೆ. ‘ಐದರಿಂದ ಮೂರು ಕಳೆ’ ಎಂಬಲ್ಲಿನ ಮೈನಸ್‌ನ ಎರಡೂ ಪಕ್ಕ ಬಿಡುವಿರುತ್ತದೆ, ‘ಋಣ ಮೂರು’ ಎಂಬಲ್ಲಿನ ಮೈನಸ್ ಅಂಕಿಗೆ ಅಂಟಿಕೊಂಡಿರುತ್ತದೆ. ಎರಡಕ್ಕೂ ಲೇಖಕರು ಒತ್ತುವುದು ಒಂದೇ ಕೀಲಿ. ಚಿಹ್ನೆಯ ಎಡಕ್ಕೆ ಏನಿದೆ ಎಂದು ನೋಡಿ ಟೆಕ್ ತಾನೇ ವ್ಯತ್ಯಾಸ ಹಿಡಿಯುತ್ತದೆ. ಆದ್ದರಿಂದ ಸಮೀಕರಣದೊಳಗೆ ಕೈಯಾರೆ ಸ್ಪೇಸ್ ತುರುಕಬೇಡಿ. ಸಾಮಾನ್ಯ ಸ್ಪೇಸನ್ನು ಅದು ಅಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ.

ನನ್ನನ್ನು ಕಾಡುವ ಒಂದು ಮೂಢನಂಬಿಕೆಯನ್ನೂ ಹೇಳಿಬಿಡಬೇಕು. ಲೇಟೆಕ್‌ನ ಆ ಪರಿಚಿತ ಅಕ್ಷರಶೈಲಿ, ಕ್ರಮಸಂಖ್ಯೆ ಹೊತ್ತ ಸಮೀಕರಣಗಳು ಕಂಡೊಡನೆ ‘ಇದು ವಿಜ್ಞಾನ’ ಎಂದು ತಲೆಬಾಗುವವರಿದ್ದಾರೆ. ಲೋಹದ ಕಾಲದಲ್ಲಿ ಹಾಗೆ ಅಚ್ಚಾದ ಪುಟದ ಹಿಂದೆ ಸಂಪಾದಕರು, ಜೋಡಣೆಗಾರರು, ಕರಡು ತಿದ್ದುವವರು ಇರುತ್ತಿದ್ದರು. ಅಷ್ಟು ಕೈಗಳನ್ನು ದಾಟಿ ಬಂದದ್ದು ಎಂಬುದಕ್ಕೆ ಪುಟದ ರೂಪವೇ ಒಂದು ಸುಳಿವಾಗಿತ್ತು. ಇಂದು ಅದೇ ರೂಪ ಯಾರ ಕೈಗಾದರೂ ಉಚಿತವಾಗಿ ಸಿಗುತ್ತದೆ. ಶಾಶ್ವತ ಚಲನೆಯ ಯಂತ್ರದ ‘ಸಿದ್ಧಾಂತ’ವೊಂದು ಅತ್ಯಂತ ಸೊಗಸಾಗಿ ಜೋಡಣೆಯಾಗಿ ನನ್ನ ಕೈಗೇ ಬಂದಿದೆ. ಸಾಲುಗಳ ದೋಷಾಂಕವನ್ನು ಟೆಕ್ ಲೆಕ್ಕ ಹಾಕುತ್ತದೆ, ವಾದದ್ದನ್ನಲ್ಲ.

ಸಾಲಿನ ವಿಷಯದಲ್ಲಿ ಮಾತ್ರ ಅದು ಎಷ್ಟು ಪ್ರಾಮಾಣಿಕ ಎಂದರೆ, ಸೋತಾಗ ಸೋಲನ್ನು ಮುಚ್ಚಿಡುವುದಿಲ್ಲ. ಉದ್ದನೆಯ ರಾಸಾಯನಿಕ ಹೆಸರೋ ಜಾಲತಾಣದ ವಿಳಾಸವೋ ಬಂದು ಯಾವ ದಾರಿಯೂ ಒಪ್ಪಿಗೆಯಾಗದಿದ್ದರೆ, ಸಾಲನ್ನು ಅಂಚಿನಾಚೆ ಚಾಚಿಕೊಂಡೇ ಬಿಟ್ಟು, ‘ಓವರ್‌ಫುಲ್ ಎಚ್‌ಬಾಕ್ಸ್’ ಎಂದು ಎಷ್ಟು ಪಾಯಿಂಟ್ ಮೀರಿದೆ ಎಂಬ ಲೆಕ್ಕದ ಸಮೇತ ಆ ಓಟದ ವರದಿ ಕಡತದಲ್ಲಿ ಬರೆಯುತ್ತದೆ. ಬಹುಪಾಲು ಜನ ಅದನ್ನು ಓದುವುದೇ ಇಲ್ಲ. ಕಡತದ ಮೊದಲಲ್ಲಿ ‘ಡ್ರಾಫ್ಟ್’ ಎಂಬ ಆಯ್ಕೆ ಕೊಟ್ಟರೆ ಅಂಥ ಪ್ರತಿ ಸಾಲಿನ ತುದಿಗೂ ಕಪ್ಪು ಪಟ್ಟಿ ಬೀಳುತ್ತದೆ, ತಪ್ಪಿಸಿಕೊಳ್ಳಲು ಬರುವುದಿಲ್ಲ. ಆ ಸಂಶೋಧಕಿಯ ಕರಡಿನಲ್ಲಿ ಹನ್ನೊಂದು ಪಟ್ಟಿಗಳಿದ್ದವು. ಎರಡು ಕಡೆ ಹೆಸರು ಎಲ್ಲಿ ಮುರಿಯಬಹುದೆಂದು ಗುರುತು ಕೊಟ್ಟೆವು. ಉಳಿದ ಒಂಬತ್ತು ಕಡೆ ವಾಕ್ಯವನ್ನೇ ತಿದ್ದಬೇಕಾಯಿತು, ನೋಡಿದರೆ ಒಂಬತ್ತೂ ಬಿಗಿಮಾಡಲೇಬೇಕಿದ್ದ ವಾಕ್ಯಗಳು. ಕೊನೆಯ ಪಟ್ಟಿ ಹೋಗಲೆಂದು ಅವರು ಅಳಿಸಿದ ಪದ ‘ಸುಮಾರು’. ಅಳತೆಯ ಪಕ್ಕ ದೋಷದ ಮಿತಿ ಹೇಗೂ ಬರೆದಿತ್ತು.